ಒಬ್ಬಳು ಹಕ್ಕಿ

ಮಲಿಕು ದ್ವೀಪ
ಹಿಯವಿಹಾ ನಕೈ, ಫೆಬ್ರವರಿ 18, 1972

ತಂಗಿ ಸನ್ಫಾಳಿಗೆ ಅಕ್ಕ ಜುಲೈಖಾಳ ಸಲಾಂ.

ನವೆಂಬರಿನಲ್ಲಿ ನೀನು ಬರೆದ ಪತ್ರ ಮೊನ್ನೆಯ ಹಡಗಿನಲ್ಲಿ ಬಂದು ತಲುಪಿತು. ನಿಮ್ಮ ತುರಾಕುನುವಿನಿಂದ ಮಾಲೆಗೆ, ಮಾಲೆಯಿಂದ ಕೊಲಂಬೊಗೆ, ಕೊಲಂಬೊದಿಂದ ಕೊಚ್ಚಿಗೆ, ಕೊಚ್ಚಿಯಿಂದ ನಮ್ಮ ಮಲಿಕುವಿಗೆ. ನಿನ್ನನ್ನು ಆ ದ್ವೀಪಕ್ಕೆ ಮದುವೆ ಮಾಡಿಕೊಟ್ಟ ಕಾಲದಲ್ಲಿ ಅಪ್ಪ ಇಲ್ಲಿ ಅಸರ್ ನಮಾಜು ಮುಗಿಸಿ ಹಾಯಿ ಎತ್ತಿದರೆ ಮರುದಿನ ಬೆಳಗಿನ ನಮಾಜಿಗೆ ನಿಮ್ಮ ದಡದಲ್ಲಿರುತ್ತಿದ್ದರು. ಆಮೇಲೆ ನಾವು ಹಿಂದೂಸ್ಥಾನದವರಾದೆವು, ನೀವು ಮಾಲ್ಡೀವ್ಸಿನವರಾದಿರಿ, ದೋಣಿಗಳು ನಿಂತವು. ಹದಿನಾರು ವರ್ಷಗಳಿಂದ ನಿನ್ನ ಮುಖವನ್ನು ಕಂಡಿಲ್ಲ, ಅಕ್ಷರವನ್ನು ಮಾತ್ರ ಕಾಣುತ್ತಿದ್ದೇನೆ. ಅಕ್ಷರವಾದರೋ ನೀನು ಏಳು ವರ್ಷದವಳಿದ್ದಾಗ ಹೇಗಿತ್ತೋ ಹಾಗೆಯೇ ಇದೆ.

ಲಕೋಟೆಯನ್ನು ದಾರಿಯಲ್ಲಿ ಯಾರೋ ಬಿಚ್ಚಿ, ಗಂಜಿ ಸವರಿ ಮತ್ತೆ ಅಂಟಿಸಿದ್ದರು. ಒಂದು ಸಾಲು ಗಂಜಿಗೇ ಅಂಟಿಕೊಂಡು ಹೋಗಿದೆ. ಆದುದರಿಂದ ಮೀನಿನ ವಿಷಯ, ಹಕ್ಕಿಪಕ್ಷಿಗಳ ವಿಷಯ, ಗಾಳಿಮಳೆಯ ವಿಷಯ, ಇಷ್ಟನ್ನೇ ಬರೆ. ಪರರು ಓದಿದರೆ ಪ್ರಶ್ನೆ ಹುಟ್ಟುವಂಥದ್ದನ್ನು ಬರೆಯಬೇಡ.

ಇನ್ನು ತಪ್ಪುಗಳು. 'ಹೇ ನಕೈಯ ಹಕ್ಕಿಗಳು ಬಂದರು' ಎಂದಿದ್ದೀಯೆ. ಮೊದಲನೆಯದಾಗಿ ಅವು ಹಕ್ಕಿಗಳಲ್ಲ, ಏರೋಪ್ಲೇನ್ ಚಿಟ್ಟೆಗಳು. ಊರಿನವರೆಲ್ಲ ಅವನ್ನು ಹಕ್ಕಿ ಎನ್ನುತ್ತಾರೆಂದು ನೀನೂ ಎನ್ನಬೇಕಾಗಿಲ್ಲ. ಆರು ಕಾಲಿನ ಹಕ್ಕಿಯನ್ನು ಅಲ್ಲಾಹನು ಸೃಷ್ಟಿಸಿಲ್ಲ. ಎರಡನೆಯದಾಗಿ, ಅವು 'ಬಂದರು' ಅಲ್ಲ, 'ಬಂದವು'. ಕೋಳಿ, ಏಡಿ, ಮೀನುಗಳನ್ನೂ ಮನುಷ್ಯರಂತೆ ಎಣಿಸುವ ನಿನ್ನ ಚಾಳಿ ಇನ್ನೂ ಹೋಗಿಲ್ಲ. 'ಅಂಗಳದಲ್ಲಿ ಮೂವರು ಕೋಳಿ ಕೂತಿದಾರೆ' ಎಂದು ನೀನು ಹೇಳಿದಾಗ ಅಮ್ಮ ನಕ್ಕು ಮುದ್ದು ಮಾಡಿದ್ದೇ ತಪ್ಪಾಯಿತು.

ಮಂಗಳೂರಿಗೆ ಒಣಮೀನು ಮಾರಲು ಹೋಗುವ ನಮ್ಮವರು ಹೇಳುವಂತೆ ಅಲ್ಲಿಯವರು ನಕೈಯನ್ನು ನಕ್ಷತ್ರ ಎಂದೂ ನಮ್ಮ ಹೇ ನಕೈಯನ್ನು ಸ್ವಾತಿ ಎಂದೂ ಕರೆಯುತ್ತಾರಂತೆ. ಚಿಟ್ಟೆಗಳು ಹೊರಡುವುದೂ ಆ ಕಡೆಯಿಂದಲೇ. ಸ್ವಾತಿ ಮಳೆಯ ಮುಂದೆ ಮುಂದೆ ಹಾರುತ್ತ ನಮ್ಮ ಅಂಗಳಕ್ಕೆ, ನಮ್ಮ ಅಂಗಳದಿಂದ ನಿಮ್ಮ ಅಂಗಳಕ್ಕೆ. ಅವುಗಳಿಗೆ ಕೊಚ್ಚಿಯೂ ಇಲ್ಲ, ಕೊಲಂಬೊವೂ ಇಲ್ಲ.

ಇಲ್ಲಿ ಇರುವೈ ಗಾಳಿ ಈಶಾನ್ಯದಿಂದ ಹದವಾಗಿ ಬೀಸುತ್ತಿದೆ. ಒಳಗಡಲು ತಟ್ಟೆಯಲ್ಲಿಟ್ಟ ನೀರಿನಂತಿದೆ. ಮರಳುದಿಣ್ಣೆಯ ಮೇಲೆ ಏಡಿ ತಿನ್ನುವ ಬಿಳಿಹಕ್ಕಿಗಳು ಗುಂಪುಗಟ್ಟಿವೆ ಎಂದು ಪಕ್ಕದ ಮನೆಯ ಕುಡತುತ್ತು ಹೇಳಿದಳು. ದೀಪಸ್ತಂಭದ ದೀಪವನ್ನು ಯಾಕೋ ಮಂಕುಗೊಳಿಸಿದ್ದಾರೆ. ಈಚೆಗೆ ಎಲ್ಲದರಲ್ಲಿಯೂ ಅಲಕ್ಷ್ಯ. ಕಳೆದ ತಿಂಗಳು ನಿವೃತ್ತಿ ವೇತನದ ಕಾಗದಪತ್ರಗಳಿಗಾಗಿ ಕೊಚ್ಚಿಗೆ ಹೋಗಿ ಬಂದೆ.

ನಿನ್ನ ಕಣ್ಣಿಗೂ ವಯಸ್ಸಾಗಿರಬೇಕೆಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ.

ನಿನ್ನ ಅಕ್ಕ,
ಜುಲೈಖಾ


ತುರಾಕುನು
ಕೆತಿ ನಕೈ, ಮೇ 14, 1972

ದತ್ತಾ,

ನಿನ್ನ ಪತ್ರ ನಿನ್ನೆ ಸಿಕ್ತು. ಅಕ್ಷರ ನೋಡಿ ನಮ್ಮನೆಯವರು ನಕ್ಕಿದ್ದೇ ನಕ್ಕಿದ್ದು. 'ನಿಮ್ಮಕ್ಕ ಪತ್ರ ಕಳ್ಸಿಲ್ಲ ಕಣೇ, ಕರಿಹಲಗೇನೇ ಕಳ್ಸಿದಾರೆ' ಅಂತಾರೆ. ದತ್ತಾ ಅಂದ್ರೆ ಅಕ್ಕ ಅಂತ, ಟೀಚರ್ ಅಂತ ಅಲ್ಲ. ನಂಗೂ ಐವತ್ತಾಗ್ತಾ ಬಂತು, ಮೊಮ್ಮಗಳು ಬೇರೆ ಹುಟ್ಟಿದಾಳೆ, ನಿನ್ನ ಲೆಕ್ಕದಲ್ಲಿ ನಾನಿನ್ನೂ ಒಂದನೇ ಕ್ಲಾಸಾ? ಇಷ್ಟು ದೊಡ್ಡ ಅಕ್ಷರ ಬರೆದ್ರೆ ಒಂದು ಕಾಗದದಲ್ಲಿ ಎಷ್ಟು ಮಾತು ಹಿಡಿಯುತ್ತೆ ಹೇಳು. ಬೈಯೋ ಮಾತೆಲ್ಲ ಹಿಡಿದ್ವು, ಪ್ರೀತಿ ಮಾತಿಗೆ ಜಾಗ ಸಾಲ್ಲಿಲ್ಲ, ಅಲ್ವಾ?

ಮಳೆಗಾಲ ಶುರು. ನೈಋತ್ಯದಿಂದ ಹುಳಂಗು ಗಾಳಿ ಬಂದು ಬಾಗಿಲು ತಟ್ತಾ ಇದೆ. ಮೊದಲನೇ ಗುಡುಗಿಗೆ ಬಾವಲಿಯವರು ಹಲಸಿನ ಮರ ಬಿಟ್ಟು ಓಡಿದ್ರು. (ಗೊತ್ತು, ಗೊತ್ತು. 'ಓಡಿದವು.') ಹೋರ ಹಕ್ಕಿಗಳು ದಡದ ಮೇಲೆ ಎತ್ತರದಲ್ಲಿ ರೆಕ್ಕೆ ಬಡೀದೆ ತೇಲ್ತಾ ಇದಾರೆ. ಅವರು ಒಳಗೆ ಬಂದ್ರು ಅಂದ್ರೆ ಹೊರಗಡಲು ಕೆಟ್ಟಿದೆ ಅಂತಾನೇ ಲೆಕ್ಕ. ನಿನ್ನೆ ಕತ್ತಲಾದ ಮೇಲೆ ಕಡಲು ಹೊಳೀತಿತ್ತು. ಮೊಮ್ಮಗಳನ್ನ ಎತ್ಕೊಂಡು ನೀರಿಗೆ ಕಾಲಿಟ್ರೆ ಕಾಲ್ಗೆಜ್ಜೆ ಹಾಕ್ದಂಗೆ ಬೆಳಕು. ನಿನ್ನ ಜೊತೆ ಹಿಂಗೇ ನಡೆದಿದ್ದು ನೆನಪಾಯ್ತು. ಆಗ ನೀನು 'ಬೆಳಕು ಅನ್ನಬಾರದು, ಹೊಳಪು ಅನ್ನಬೇಕು' ಅಂದಿದ್ದೆ. ನೆನಪಿದೆಯಾ?

ಮಗ ಇದ್ರೀಸ್ ಹೊಸ ದೋಣಿ ಇಳಿಸಿದ. ಹಾಯಿ ಚೆನ್ನಾಗಿ ತುಂಬುತ್ತೆ.

ದತ್ತಾ, ಈಗ ಒಂದು ಹಕ್ಕಿ ವಿಷ್ಯ ಬರೀತೀನಿ. ಹಕ್ಕಿ ವಿಷ್ಯ ಬರೀಬಹುದು ಅಂತ ನೀನೇ ಹೇಳಿದೀಯ. ಪ್ರತಿ ವರ್ಷ ಹೇ ನಕೈಯಲ್ಲಿ ನಿಮ್ಮ ಕಡೆಯಿಂದ ಹಕ್ಕಿಗಳು ನಮ್ಮ ಕಡೆ ಬರ್ತಾರೆ. ಈ ವರ್ಷ ಹೇ ನಕೈಯಲ್ಲಿ ನಮ್ಮ ಕಡೆಯಿಂದ ಒಬ್ಬಳು ಹಕ್ಕಿ ನಿಮ್ಮ ಕಡೆ ಹೊರಟಿದಾಳೆ. ಹುಳಂಗು ಗಾಳಿಯ ಬಾಲ ಹಿಡ್ಕೊಂಡು ಬರ್ತಾಳೆ, ನಾಲ್ಕು ದಿನ ಕೂತು, ಇರುವೈ ಗಾಳಿಯ ತಲೆ ಹಿಡ್ಕೊಂಡು ವಾಪಸ್. ಗಾಳಿ ದಾರಿ ತಪ್ಪಿಸಿ ತಂದ ಹಕ್ಕೀನ ಯಾವ ಊರಿನವರೂ ಓಡಿಸಲ್ವಲ್ಲ, ಹಳೇ ಪದ್ಧತಿ. ಅವಳಿಗೆ ಅಮ್ಮನ ಅಂಗಳದ ದೀವಿಹಲಸಿನ ಮರದ ಕೆಳಗೇ ಕೂರ್ಬೇಕಂತೆ. ಮುಂಚೆ ಉಯ್ಯಾಲೆ ಕಟ್ತಿದ್ರಲ್ಲ, ಆ ಕೊಂಬೆ. 'ಕೂರೋಕೆ ಜಾಗ ಇದೆಯಾ ನಿಮ್ಮಕ್ಕನ್ನ ಕೇಳು' ಅಂದ್ಲು. ಕೇಳ್ತಾ ಇದೀನಿ.

ಬೇಗ ಬರಿ. ಈ ಸಲ ಚಿಕ್ಕ ಅಕ್ಷರ ಸಾಕು.

ಸನ್ಫಾ


ಮಲಿಕು ದ್ವೀಪ
ಫುನೋಸ್ ನಕೈ, ಜುಲೈ 6, 1972

ತಂಗಿ ಸನ್ಫಾಳಿಗೆ ಸಲಾಂ.

ಹಡಗು ಹವಳದ ದಂಡೆಯ ಹೊರಗೇ ನಿಂತು ಟಪಾಲಿನ ಚೀಲವನ್ನು ದೋಣಿಗೆ ಎಸೆದು ಹೋಯಿತು. ಚೀಲ ಒದ್ದೆಯಾಗಿದ್ದರೂ ನಿನ್ನ ಪತ್ರ ಒಣಗಿಯೇ ಇತ್ತು. ಅದನ್ನು ಎರಡು ಬಾರಿ ಓದಿಸಿದೆ.

ಹನ್ನೆರಡು ದಿನಗಳಿಂದ ಮಳೆ ಬಿಟ್ಟಿಲ್ಲ. ಊರಿನ ಗಂಡಸರು ಎಂದಿನಂತೆ ದೂರದೇಶದ ಹಡಗುಗಳ ಮೇಲಿದ್ದಾರೆ. ಉಳಿದ ಮುದುಕರು ದೋಣಿಗಳನ್ನು ಮೇಲೆಳೆದು ಗರಿ ಹೊದಿಸಿ ಕೂತಿದ್ದಾರೆ. ಹೆಂಗಸರು ತಂತಮ್ಮ ಮನೆಗಳಲ್ಲಿ ತೆಂಗಿನ ನಾರು ಹೊಸೆಯುತ್ತಾರೆ. ಶಾಲೆ ಇದ್ದ ದಿನಗಳಲ್ಲಿ ಈ ಮಳೆಯ ಸದ್ದನ್ನು ಮಗ್ಗಿಯ ಸದ್ದು ಮುಚ್ಚಿಬಿಡುತ್ತಿತ್ತು. ಈಗ ಮಳೆ ಒಂದೇ ಮಾತನ್ನು ದಿನವಿಡೀ ಹೇಳುತ್ತದೆ, ತಿದ್ದಲು ಅದರಲ್ಲಿ ಏನೂ ಇಲ್ಲ. 'ಸುರಿಯುವ ರೀತಿ ಸರಿಯಿಲ್ಲ, ಒಮ್ಮೆ ಓರೆ, ಒಮ್ಮೆ ನೇರ' ಎಂದು ನಾನು ಜಗಲಿಯಲ್ಲಿ ಗೊಣಗಿದ್ದು ಕುಡತುತ್ತುವಿನ ಕಿವಿಗೆ ಬಿತ್ತು. 'ಟೀಚರ್ ದತ್ತಾ, ಮಳೆಗೂ ಮಾರ್ಕ್ಸ್ ಕೊಡ್ತೀರಾ? ಅದು ಫೇಲಾದ್ರೆ ಮುಂದಿನ ವರ್ಷ ನಾವು ಏನ್ ಕುಡಿಯೋದು?' ಎಂದಳು. ನನ್ನ ಬಳಿಯೇ ಐದು ವರ್ಷ ಕಲಿತವಳು. ಮಾತು ಮಾತ್ರ ಅವಳ ಸ್ವಂತದ್ದು.

ಪತ್ರದ ವಿಷಯಕ್ಕೆ ಬರುತ್ತೇನೆ. 'ಒಬ್ಬಳು ಹಕ್ಕಿ' ಎಂದು ಬರೆದಿರುವೆ. ಇದುವರೆಗೂ ನಾನು ಕಂಡ ನಿನ್ನ ತಪ್ಪುಗಳಲ್ಲಿ ಇದು ದೊಡ್ಡದು. ಹಕ್ಕಿಯನ್ನು ಒಬ್ಬಳು ಎನ್ನಬಾರದು, ಒಂದು ಎನ್ನಬೇಕು. ಹಕ್ಕಿ 'ಬರುತ್ತಾಳೆ' ಅಲ್ಲ, 'ಬರುತ್ತದೆ'. ಹೇ ನಕೈಯದಾದರೆ ಅದು ಹಕ್ಕಿಯೂ ಅಲ್ಲ ಎಂಬುದನ್ನು ಹಿಂದಿನ ಪತ್ರದಲ್ಲಿಯೇ ವಿವರಿಸಿದ್ದೇನೆ.

ಇನ್ನು ವಿಷಯವೂ ತಪ್ಪು. ಹೇ ನಕೈಯಲ್ಲಿ ಹಾರುವುದೆಲ್ಲ ಉತ್ತರದಿಂದ ದಕ್ಷಿಣಕ್ಕೆ ಹಾರುತ್ತದೆ. ದಕ್ಷಿಣದಿಂದ ಉತ್ತರಕ್ಕೆ ಏನೂ ಬರುವುದಿಲ್ಲ. ಬರಬಾರದು, ನಡುವೆ ಗಾಳಿ ತಿರುಗಿದರೆ ಕಡಲಲ್ಲಿ ಬಿದ್ದು ಸಾಯುತ್ತದೆ. ಮೊಮ್ಮಗಳಿಗೆ ಇಂಥ ಕಥೆಗಳನ್ನು ಹೇಳಿಕೊಡಬೇಡ.

ದೀವಿಹಲಸಿನ ಮರವನ್ನು ಹೋದ ವರ್ಷವೇ ಕಡಿಸಿದೆ. ಹಣ್ಣು ಉದುರಿ ಅಂಗಳವೆಲ್ಲ ಜಾರುತ್ತಿತ್ತು. ಆದುದರಿಂದ ಕೂರಲು ಜಾಗವಿಲ್ಲ.

ಕಡಲಿನ ಹೊಳಪನ್ನು ಕುರಿತು ನೀನು ಬರೆದದ್ದು ಚೆನ್ನಾಗಿತ್ತು.

ನಿನ್ನ ಅಕ್ಕ,
ಜುಲೈಖಾ


ತುರಾಕುನು
ಹಿತ ನಕೈ, ಅಕ್ಟೋಬರ್ 9, 1972

ಪೂಜ್ಯ ಅಕ್ಕನವರಿಗೆ ಸನ್ಫಾಳ ಸಲಾಂ.

ತಾವು ಜುಲೈ ಆರರಂದು ಬರೆದ ಪತ್ರ ತಲುಪಿತು. ನಾವೆಲ್ಲರೂ ಕ್ಷೇಮವಾಗಿದ್ದೇವೆ. ತಾವೂ ಕ್ಷೇಮವೆಂದು ಭಾವಿಸುತ್ತೇನೆ.

ತಮ್ಮ ಅಭಿಪ್ರಾಯ ಸ್ಪಷ್ಟವಾಗಿ ತಿಳಿಯಿತು. ದಕ್ಷಿಣದಿಂದ ಉತ್ತರಕ್ಕೆ ಏನೂ ಬರುವುದಿಲ್ಲ. ಬರಬಾರದೆಂದು ತಾವು ಬಯಸಿದ ಮೇಲೆ ಬರುವುದು ಉಚಿತವೂ ಅಲ್ಲ. ಕೂರಲು ಜಾಗವಿಲ್ಲವೆಂಬುದನ್ನೂ ಅರಿತುಕೊಂಡೆ.

ಇಲ್ಲಿ ಹವಾಮಾನ ಸಾಧಾರಣವಾಗಿದೆ. ಮೀನುಗಳು ಸಾಕಷ್ಟು ದೊರೆಯುತ್ತಿವೆ. ಕೋಳಿಗಳು ಮೂರು ಇವೆ.

ತಮ್ಮ ಪತ್ರದ ಆರಂಭದಲ್ಲಿ 'ಓದಿಸಿದೆ' ಎಂದಿದೆ. 'ಓದಿದೆ' ಎಂದಿರಬೇಕಿತ್ತು. ತಮ್ಮಿಂದ ತಪ್ಪಾಗುವುದಿಲ್ಲವೆಂದು ತಿಳಿದಿದ್ದೆ. ತಿದ್ದಿದ್ದಕ್ಕೆ ಕ್ಷಮೆಯಿರಲಿ.

ಇಂತು,
ಸನ್ಫಾ


ಮಲಿಕು ದ್ವೀಪ
ವಿಹಾ ನಕೈ, ನವೆಂಬರ್ 2, 1972
(ಇದ್ರೀಸನ ಕೈಯಲ್ಲಿ)

ಸನ್ಫಾ,

ಈ ಪತ್ರವನ್ನು ದಾರಿಯಲ್ಲಿ ಯಾರೂ ಬಿಚ್ಚುವುದಿಲ್ಲ. ಹದಿನಾರು ವರ್ಷಗಳಲ್ಲಿ ಮೊದಲ ಬಾರಿಗೆ ಮನಸ್ಸಿನಲ್ಲಿರುವುದನ್ನು ಬರೆಯಬಹುದು. ಬರೆಯಲು ಕೂತರೆ ಎಲ್ಲಿಂದ ಆರಂಭಿಸಬೇಕೆಂದು ತೋಚುವುದಿಲ್ಲ. ಶಾಲೆಯಲ್ಲಿ ಮಕ್ಕಳಿಗೆ 'ಮೊದಲಿನಿಂದ ಆರಂಭಿಸಿ' ಎನ್ನುತ್ತಿದ್ದೆ. ಹಾಗೆಯೇ ಮಾಡುತ್ತೇನೆ.

ಕಳೆದ ಶುಕ್ರವಾರ ಬೆಳಿಗ್ಗೆ ಗಾಳಿ ಬಿದ್ದುಹೋಯಿತು. ಹೇ ನಕೈಯಲ್ಲಿ ಹಾಗಾಗುವುದು ನಿನಗೆ ತಿಳಿದದ್ದೇ: ಹಳೆಯ ಗಾಳಿ ಹೋಗಿ ಹೊಸ ಗಾಳಿ ಬರುವ ನಡುವೆ ಕಡಲು ಉಸಿರು ಹಿಡಿದುಕೊಳ್ಳುತ್ತದೆ. ಮಕ್ಕಳು ಬೀದಿಯಲ್ಲಿ 'ಹಕ್ಕಿ ಬಂದ್ವು, ಹಕ್ಕಿ ಬಂದ್ವು' ಎಂದು ಕೂಗುತ್ತ ಓಡಿದರು. ನಾನು ಅಂಗಳಕ್ಕೆ ಬಂದು ನಿಂತೆ. ಒಂದು ಚಿಟ್ಟೆ ನನ್ನ ತೋಳಿನ ಮೇಲೆ ಕೂತಿತು. ಕೂತದ್ದು ತಿಳಿಯಿತು.

ಅಷ್ಟರಲ್ಲಿ ಬೇಲಿಯ ಬಳಿ ಯಾರೋ ನಿಂತ ಹಾಗಾಯಿತು.

'ಯಾರದು? ಮೀನಾದರೆ ಇವತ್ತು ಬೇಡ' ಎಂದೆ.

'ಮೀನಲ್ಲ ದೊಡ್ಡಮ್ಮಾ.'

'ನನ್ನನ್ನು ದೊಡ್ಡಮ್ಮ ಎನ್ನುವವರು ಈ ಊರಿನಲ್ಲಿ ಯಾರೂ ಇಲ್ಲ.'

'ಈ ಊರಲ್ಲಿ ಇಲ್ಲ' ಎಂದ.

ಧ್ವನಿ ಅಪ್ಪನದು, ಸನ್ಫಾ. ನೀನು ಅದನ್ನು ನನಗೆ ಬರೆದಿರಲಿಲ್ಲ. ಹಾಯಿಯ ಹಗ್ಗ ಹಿಡಿದು ಅಪ್ಪ ಕೂಗುತ್ತಿದ್ದ ಅದೇ ಒರಟು ಧ್ವನಿ.

ದೋಣಿಯನ್ನು ಗಾಳಿ ತಂದಿತೆಂದು ಊರಿನ ಹಿರಿಯರು ಒಪ್ಪಿಕೊಂಡರು. ಹಳೆಯ ಪದ್ಧತಿಯಂತೆ ಇದ್ರೀಸನಿಗೂ ಅವನ ಜೊತೆಯ ನಾಲ್ವರಿಗೂ ನೀರು, ಅನ್ನ, ನೆರಳು ಕೊಟ್ಟರು. 'ಹಾಯಿ ಹರಿದಿಲ್ಲ, ಚುಕ್ಕಾಣಿ ಮುರಿದಿಲ್ಲ, ಇಂಥಾ ಒಳ್ಳೇ ನಡತೆಯ ಬಿರುಗಾಳಿ ನಾನಂತೂ ನೋಡಿಲ್ಲ' ಎಂದು ಕುಡತುತ್ತು ಎಲ್ಲರೆದುರು ಆಡಿಬಿಟ್ಟಳು. ನಾನು ಅವಳ ಕೈ ಚಿವುಟಿದೆ.

ಮಧ್ಯಾಹ್ನ ಇದ್ರೀಸನಿಗೆ ಮೀನುಸಾರು, ರೊಟ್ಟಿ ಬಡಿಸಿದೆ. 'ಅಮ್ಮ ಹೇಗಿದ್ದಾಳೆ?' ಎಂದು ಕೇಳಿದೆ. ಅವನು ಕೈ ತೊಳೆದು ಬಂದು ಹೇಳಿದ: 'ಅಮ್ಮ ದಡದವರೆಗೂ ಬಂದ್ರು ದೊಡ್ಡಮ್ಮಾ. ಗಂಟು ದೋಣಿಗೆ ಹಾಕಾಗಿತ್ತು. ಒಂದು ಕಾಲು ನೀರಲ್ಲಿ ಇಟ್ಟಿದ್ರು. ಆಮೇಲೆ, ಬೇಡ ಕಣೋ, ನಾನು ಬರೋದು ಅಕ್ಕನಿಗೆ ಇಷ್ಟ ಇಲ್ಲ ಅಂತ ವಾಪಸ್ ಹೋಗ್ಬಿಟ್ರು.'

'ಬರುವುದಾಗಿ ನನಗೆ ಯಾರು ತಿಳಿಸಿದ್ದರು?' ಎಂದೆ.

'ಹಕ್ಕಿ' ಎಂದ.

ಅಲ್ಲಾಹನೇ ಬಲ್ಲ, ಸನ್ಫಾ, ಆ ಕ್ಷಣದವರೆಗೆ ನನಗೆ ತಿಳಿದಿರಲಿಲ್ಲ. ಕೋಳಿಯನ್ನು ಎಣಿಸಿದ ಹಾಗೆಯೇ ಹಕ್ಕಿಯನ್ನೂ ಎಣಿಸಿದ್ದೀಯೆ ಎಂದುಕೊಂಡೆ. ಮೀನು, ಹಕ್ಕಿ, ಗಾಳಿಯ ವಿಷಯ ಮಾತ್ರ ಬರೆ ಎಂದವಳು ನಾನೇ. ನೀನು ಹಾಗೆಯೇ ಬರೆದೆ. ನಾನು ಲಿಂಗವಚನ ನೋಡುತ್ತ ಕೂತೆ. ನೀನು ಬಾ ಎನ್ನಿಸಿಕೊಳ್ಳಲು ಬರೆದೆ, ನಾನು ಬರಬಾರದು ಎಂದು ಬರೆದೆ. ನನ್ನ ವಾಕ್ಯದಲ್ಲಿ ಒಂದೂ ದೋಷವಿರಲಿಲ್ಲ.

ಈಗ ನಾನು ಮುಚ್ಚಿಟ್ಟದ್ದನ್ನು ಕೇಳು. ಕೊಚ್ಚಿಗೆ ಹೋದದ್ದು ನಿವೃತ್ತಿ ವೇತನಕ್ಕಾಗಿ ಅಲ್ಲ, ಕಣ್ಣಿನ ವೈದ್ಯರ ಬಳಿಗೆ. ಎಡಗಣ್ಣು ಹೋಗಿದೆ. ಬಲಗಣ್ಣಿನಲ್ಲಿ ನಡುವೆ ಒಂದು ಕಿಂಡಿಯಷ್ಟು ಉಳಿದಿದೆ. ಅದೂ ಇನ್ನೊಂದು ವರ್ಷ, ಒಂದೂವರೆ ವರ್ಷ ಎಂದರು. ಮದ್ದಿಲ್ಲ. ದೀಪಸ್ತಂಭದ ದೀಪವನ್ನು ಯಾರೂ ಮಂಕುಗೊಳಿಸಿಲ್ಲ. ಮರವನ್ನು ಕಡಿಸಿದ್ದು ಬಿದ್ದ ಹಣ್ಣು ಕಾಣದೆ ಎರಡು ಬಾರಿ ಜಾರಿಬಿದ್ದುದರಿಂದ. ದೊಡ್ಡ ಅಕ್ಷರ ನಿನಗಾಗಿ ಅಲ್ಲ. ನನಗೆ ನಾನು ಬರೆದದ್ದು ಕಾಣಲೆಂದು. ಈಗ ಕಾಗದದ ಮೇಲೆ ತೆಂಗಿನ ಗರಿಯ ಕಡ್ಡಿಯಿಟ್ಟು, ಅದರ ಅಂಚು ಹಿಡಿದು ಬರೆಯುತ್ತಿದ್ದೇನೆ. ಸಾಲು ಸೊಟ್ಟಗಿದ್ದರೆ ಕಡ್ಡಿ ಜಾರಿರುತ್ತದೆ.

ನಿನ್ನ ಪತ್ರಗಳನ್ನು ನನಗೆ ಕುಡತುತ್ತು ಓದಿ ಹೇಳುತ್ತಾಳೆ. 'ಎರಡು ಬಾರಿ ಓದಿಸಿದೆ' ಎಂದು ಬರೆದಿದ್ದೆ. ಅದನ್ನು ಕೈತಪ್ಪು ಎಂದು ನೀನು ಬಗೆದಿರಬೇಕು. ಕೈತಪ್ಪಲ್ಲ. ಇಡೀ ಪತ್ರದಲ್ಲಿ ನಾನು ಹೇಳಿದ ನಿಜ ಅದೊಂದೇ, ಅದೂ ನನ್ನ ಅರಿವಿಲ್ಲದೆ. ಇಬ್ಬರ ನಿಜವೂ ತಪ್ಪಿನ ವೇಷ ಹಾಕಿಕೊಂಡು ಹೋಯಿತು. ಇಬ್ಬರಿಗೂ ವೇಷವೇ ಕಂಡಿತು.

ನಿನ್ನ ಗಂಟನ್ನು ಇಳಿಸಿಕೊಳ್ಳಲು ನೀನು ಮರೆತೆಯಂತೆ. ಇದ್ರೀಸ್ ತಂದುಕೊಟ್ಟ. ಒಣಮೀನು, ತೆಂಗಿನ ಕಾಕಂಬಿಯ ಬಾಟಲಿ, ಅಡಿಯಲ್ಲಿ ಉಯ್ಯಾಲೆಗೆಂದು ನೀನೇ ಹೊಸೆದ ನಾರಿನ ಹಗ್ಗ. ಅದನ್ನು ಬೆರಳಿನಲ್ಲಿ ಎಳೆ ಎಳೆಯಾಗಿ ನೋಡಿದೆ. ಎಲ್ಲಿಯೂ ಗಂಟಿಲ್ಲ. ಇಷ್ಟು ನಯವಾಗಿ ಹೊಸೆಯಲು ಎಂದು ಕಲಿತೆ? ಅಕ್ಷರವೂ ಹೀಗಿದ್ದಿದ್ದರೆ, ಎನ್ನಲು ಹೊರಟೆ. ಎನ್ನುವುದಿಲ್ಲ.

ಇಂದು ಬೆಳಿಗ್ಗೆ ಇದ್ರೀಸನನ್ನು ಕೇಳಿದೆ: 'ನಾನೇ ನಿನ್ನ ದೋಣಿ ಹತ್ತಿಬಿಡಲೇ? ಉತ್ತರದಿಂದ ದಕ್ಷಿಣಕ್ಕೆ, ಸರಿಯಾದ ದಿಕ್ಕು.' ಅವನು ನಕ್ಕ. ಆಮೇಲೆ ನಗಲಿಲ್ಲ. 'ಐದು ಜನ ಬಂದ್ರು ಅಂತ ಬರ್ಕೊಂಡಿದಾರೆ ದೊಡ್ಡಮ್ಮಾ. ಐದೇ ಜನ ಹತ್ತಬೇಕು. ನಿಂತು ಎಣಿಸ್ತಾರೆ' ಎಂದ. ಇನ್ನೂ ಒಂದು ಮಾತು ಹೇಳಿದ: 'ಮುಂದಿನ ಹೇ ನಕೈಗೂ ದಾರಿ ತಪ್ಪೋಕೆ ನಂಗೆ ಬರುತ್ತೆ. ಆದ್ರೆ ನೀವು ಸರಿ ದಾರಿ ಹೇಳ್ಬೇಡಿ ಅಷ್ಟೇ.'

ಹೇಳುವುದಿಲ್ಲ. ಮೂವತ್ತನಾಲ್ಕು ವರ್ಷ ವ್ಯಾಕರಣ ಕಲಿಸಿದವಳು ಹೇಳುತ್ತಿದ್ದೇನೆ: ಒಬ್ಬಳು ಹಕ್ಕಿ ಎಂಬುದೇ ಸರಿ. ಬರುತ್ತಾಳೆ ಎಂಬುದೂ ಸರಿ.

ಇರುವೈ ಗಾಳಿ ಇಂದು ಮುಂಜಾನೆ ಹೊರಟಿತು. ಇವರೂ ಹೊರಡುತ್ತಾರೆ. ಹಗ್ಗವನ್ನು ನಾನು ಇಟ್ಟುಕೊಂಡಿದ್ದೇನೆ. ಮರವಿಲ್ಲ, ಜಗಲಿಯ ತೊಲೆಗೆ ಕಟ್ಟಿಸುತ್ತೇನೆ. ಕೂರಲು ಜಾಗವಿದೆ.

ಮುಂದಿನ ಹೇ ನಕೈಯಲ್ಲಿ ನಾನು ದಿನವೂ ದಡಕ್ಕೆ ಬಂದು ನಿಲ್ಲುವೆ. ಆ ಹೊತ್ತಿಗೆ ಕಿಂಡಿ ತೆರೆದಿರುವುದೋ ಮುಚ್ಚಿರುವುದೋ ತಿಳಿಯದು. ಮುಚ್ಚಿದ್ದರೆ ನಿನ್ನ ಮುಖ ನನಗೆ ಕಾಣುವುದಿಲ್ಲ. ಹದಿನೇಳು ವರ್ಷಗಳಾಗಿರುತ್ತವೆ, ಧ್ವನಿಯೂ ಬದಲಾಗಿರಬಹುದು. ಅದಕ್ಕಾಗಿ ಒಂದು ಕೋರಿಕೆ. ದೋಣಿಯಿಂದ ಇಳಿದ ಕೂಡಲೇ ಏನಾದರೂ ತಪ್ಪಾಗಿ ಮಾತನಾಡು. ಗುರುತು ಹಿಡಿಯುವೆ.

ದತ್ತಾ


ಮಲಿಕು ದ್ವೀಪ
ಮೂಲ ನಕೈ, ಡಿಸೆಂಬರ್ 20, 1972

ಸನ್ಫಾ,

ಹಿತ ನಕೈಯಲ್ಲಿ ನೀನು ಬರೆದ ಪತ್ರ ಇಂದು ಬಂತು. ಇದ್ರೀಸ್ ಬಂದು ಹೋದ ಮೇಲೆ, ಅವನು ಬರುವ ಮೊದಲಿನ ಪತ್ರ.

ಕುಡತುತ್ತು ಓದಿದಳು. ನಾನು ಅಭ್ಯಾಸಬಲದಿಂದ ತಪ್ಪಿಗಾಗಿ ಕಾಯುತ್ತ ಕೇಳಿದೆ. ಒಂದೂ ಬರಲಿಲ್ಲ. 'ಮೀನುಗಳು ದೊರೆಯುತ್ತಿವೆ. ಕೋಳಿಗಳು ಮೂರು ಇವೆ.' ಅಲ್ಲಿಗೆ ಬಂದಾಗ 'ನಿಲ್ಲಿಸು' ಎಂದೆ. 'ಯಾಕೆ ಟೀಚರ್ ದತ್ತಾ, ನೂರಕ್ಕೆ ನೂರು ಬಂದಿದೆ' ಎಂದಳು. ನಿನ್ನಿಂದ ಇಂಥ ಭಯಂಕರ ಪತ್ರ ನನಗೆ ಎಂದೂ ಬಂದಿರಲಿಲ್ಲ.

ಇದನ್ನು ಬರೆದಾಗ ನಿನಗೆ ಎಷ್ಟು ನೋವಾಗಿತ್ತೆಂಬುದು ಒಂದೊಂದು ಸರಿಯಾದ ಅಕ್ಷರದಲ್ಲಿಯೂ ಇದೆ.

ಮೀನಿನ ವಿಷಯ: ಇರುವೈ ಚೆನ್ನಾಗಿ ಕೂತಿದೆ. ಬೇಟೆಯ ಮೀನನ್ನು ಹಿಂಡು ಹಿಂಡಾಗಿ ಅಟ್ಟಿಕೊಂಡು ಕಡಲಹಕ್ಕಿಗಳು ದಂಡೆಯವರೆಗೆ ಬರುತ್ತವೆ. ಅವು ಕೂಗುವುದು ನನಗೆ ಈ ವರ್ಷ ಬಹಳ ದೂರದಿಂದಲೇ ಕೇಳಿಸುತ್ತಿದೆ. ಉಯ್ಯಾಲೆ ಕಟ್ಟಿಸಿದ್ದೇನೆ. ಖಾಲಿಯಿದೆ. ಗಾಳಿ ಬಂದಾಗ ತೊಲೆ ಕಿರ್ರೆನ್ನುತ್ತದೆ, ಯಾರೋ ಈಗ ತಾನೇ ಎದ್ದು ಹೋದ ಹಾಗೆ.

ಉತ್ತರ ಬರೆಯಲೇಬೇಕೆಂದಿಲ್ಲ.

ದತ್ತಾ


ತುರಾಕುನು
ಆದ ನಕೈ, ಜೂನ್ 22, 1973

ದತ್ತಾ,

ನಿನ್ನ ಡಿಸೆಂಬರ್ ಪತ್ರ ಎಲ್ಲೋ ನಿದ್ದೆ ಮಾಡಿ ಮೊನ್ನೆ ಎದ್ದು ಬಂದಿದಾಳೆ. ಅದಕ್ಕೂ ಮುಂಚೆ ನಮ್ಮನೆ ಒಂದು ಮಗ ತಂದುಕೊಟ್ಟ ಪತ್ರಾನೂ ನನ್ನ ಹತ್ರ ಇದಾಳೆ. ಅದನ್ನ ಎಷ್ಟು ಸಲ ಓದಿದೆ ಅಂತ ಹೇಳಲ್ಲ. ಸಾಲು ಸೊಟ್ಟಗಿತ್ತು. ನಿನ್ನ ಜೀವಮಾನದಲ್ಲಿ ನೀನು ಬರೆದ ಅತಿ ಕೆಟ್ಟ ಕೈಬರಹ. ದಿಂಬಿನ ಕೆಳಗೆ ಇಟ್ಕೊಂಡಿದೀನಿ.

ನಮ್ಮ ಕ್ಷೇಮ ಹೀಗಿದೆ: ಮನೇಲಿ ಒಂದು ಗಂಡ ಇದೆ. ಗೊರಕೆ ಹೊಡೆಯುತ್ತೆ. 'ಏನೇ ಇದು, ನನ್ನ ಒಂದು ಅಂತ ಬರ್ದಿದೀಯಾ, ನಿಮ್ಮಕ್ಕ ನೋಡಿದ್ರೆ ಏನಂದ್ಕೊಳಲ್ಲ?' ಅಂತ ಈಗ ಬೈತಾ ಇದೆ. ಅಂಗಳದಲ್ಲಿ ನಾಲ್ವರು ಕೋಳಿ. ಹೊಸಬಳು ತುಂಬಾ ಜಗಳಗಂಟಿ, ಅವಳಿಗೆ ನಿನ್ನ ಹೆಸರು ಇಟ್ಟಿದೀವಿ. ಬಾವಲಿಯವರೆಲ್ಲ ಕ್ಷೇಮ. ಹೋದ ವಾರದ ಗಾಳಿಗೆ ಇಬ್ಬರು ಕಡಲಹಕ್ಕಿ ಮರಿಯವರು ಗೂಡಿಂದ ಬಿದ್ರು, ಒಬ್ಬನ್ನ ಮೊಮ್ಮಗಳು ಸಾಕ್ತಾ ಇದೆ, ಇನ್ನೊಬ್ಬ ತೀರ್ಕೊಂಡ. ಮಳೆ ಬಂದಿದಾನೆ. ಹೋಗೋ ಯೋಚನೆ ಮಾಡ್ತಿಲ್ಲ. ಬಾಗಿಲು ಹಾಕಿದ್ರೂ ಜಗಲೀಲಿ ಕೂತು ಮಾತಾಡ್ತಾನೆ. ನಿಮ್ಮನೆ ಜಗಲೀಲಿ ಕೂತಿರೋನೂ ಅವನೇನಾ?

ಹೋದ ವರ್ಷ ದಡದವರೆಗೂ ಹೋಗಿ ವಾಪಸ್ ಬಂದ್ಲಲ್ಲ, ಆ ಹಕ್ಕಿ ವಿಷ್ಯ. ಅವಳಿಗೆ ತುಂಬಾ ನಾಚಿಕೆ ಆಗಿದೆ. ಒಂದು ಕಾಲು ನೀರಲ್ಲಿ ಇಟ್ಟೋಳು ಇನ್ನೊಂದನ್ನೂ ಇಡ್ಬೇಕಿತ್ತು ಅಂತ ವರ್ಷವೆಲ್ಲ ಅಂದ್ಕೊಂಡ್ಲು. ಈಗ ಇಳಿದ ತಕ್ಷಣ ಏನು ಕೂಗ್ಬೇಕು ಅಂತ ಅಭ್ಯಾಸ ಮಾಡ್ತಾ ಇದಾಳೆ. ದಿನಾ ಒಂದು ಹೊಸ ತಪ್ಪು ಕಲಿಸ್ತಾ ಇದೀನಿ. ಸರಿಯಾಗಿ ಕೂಗೋಕೆ ಅವಳಿಗೆ ಮೊದಲೇ ಬರ್ತಿರಲಿಲ್ಲ ಅನ್ನು, ಆದ್ರೂ ಗುರುತು ಸಿಗ್ಲೇಬೇಕಲ್ಲ, ಅದಕ್ಕೆ.

ಉಯ್ಯಾಲೆ ಹಗ್ಗ ಮಳೆಗೆ ನೆನೆಯೋಕೆ ಬಿಡಬೇಡ, ಬಿಗಿದ್ಕೊಳ್ತಾಳೆ.

ಹೇ ನಕೈಯಲ್ಲಿ ಒಬ್ಬಳು ಹಕ್ಕಿ ಬರ್ತಾಳೆ. ದಕ್ಷಿಣದಿಂದ ಉತ್ತರಕ್ಕೇ ಬರ್ತಾಳೆ.

ತಿದ್ದಬೇಡ.

ಸನ್ಫಾ